ಕನ್ನಡಿಯ ಹಿಂದೆ ಹಚ್ಚಿದ ಕಾಡಿಗೆ

ಅಣ್ಣನ ಹೊಸ ಕಾರಿಗೆ ದೃಷ್ಟಿಬೊಟ್ಟು ಇಟ್ಟವಳು ನಾನು. ಮುಂದಿನ ಗಾಜಿನ ಮೇಲ್ತುದಿಯಲ್ಲಿ, ಒಳಗಿನ ಕನ್ನಡಿಯ ನೇರಕ್ಕೆ, ಹೊರಗಿನಿಂದ ಕಾಡಿಗೆ ಹಚ್ಚಿದೆ. ಅಲ್ಲಾದರೆ ಅವನ ಕಣ್ಣಿಗೆ ಬೀಳುವುದಿಲ್ಲ. ಪೂಜೆಯ ದಿನವೇ, "ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯ್ತಲ್ಲ, ಸಾಕು ತಾಯಿ. ಇನ್ನು ಕಾರಿಗೆ ಲಾಲಿ ಹಾಡ್ಬೇಡ," ಎಂದು ನಕ್ಕಿದ್ದ. ಕಾರು ತೊಳೆದಾಗಲೆಲ್ಲ ಮತ್ತೆ ಹಚ್ಚುತ್ತಿದ್ದೆ.

ಆರನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಮನೆ ನೋಡಿಕೊಳ್ಳಲು ನೈರೋಬಿಗೆ ಬಂದೆ. ಅಣ್ಣ ಅಲ್ಲಿನ ಹರ್ಲಿಂಗ್‌ಹ್ಯಾಮ್‌ನಲ್ಲಿ ಡಾಕ್ಟರ್. ಶನಿವಾರ ಹೆದ್ದಾರಿ ಹಿಡಿದು ಥೀಕಾ ಊರಿಗೂ ಹೋಗಿ ರೋಗಿಗಳನ್ನು ನೋಡಿ ಬರುತ್ತಾನೆ. ಹೆದ್ದಾರಿಯಲ್ಲಿ ಕೈಬಿಟ್ಟರೂ ತಾನೇ ಸಾಗುವ ಕಾರು ಅದು. ಸ್ಟೀರಿಂಗ್ ಮೇಲೆ ಹಸಿರು ದೀಪ ಇದ್ದರೆ ಕಾರು ನೋಡಿಕೊಳ್ಳುತ್ತದೆ, ಆರಿದರೆ ನಾವು ಹಿಡಿಯಬೇಕು.

ಆ ದೀಪ ದಾರಿಯ ನಡುವೆ ಆರತೊಡಗಿತು. ಅಣ್ಣ ಸಾಫ್ಟ್‌ವೇರ್ ಹೊಸದು ಹಾಕಿಸಿದ, ಬಂಪರ್ ಒರೆಸಿದ, ಕೊನೆಗೆ ಕಾರಿನ ಪುಸ್ತಕ ಹಿಡಿದು ಕೂತ.

"ಕನ್ನಡಿ ಹಿಂದೆ ಒಂದು ಕ್ಯಾಮೆರಾ ಇದೆಯಂತೆ ಕಣೇ. ರಸ್ತೆ ಗೆರೆ ನೋಡೋದೇ ಅದು. ಗಾಜಿನ ಮೇಲೆ ಏನೋ ಅಡ್ಡ ಇರ್ಬೇಕು. ಸ್ನಾನ ಮಾಡ್ಕೊಂಡು ಬಂದು ನೋಡ್ತೀನಿ."

ನಾನು ಕಾಡಿಗೆ ಹಚ್ಚಿದ್ದು ಅಲ್ಲೇ. ಅವನು ಬಚ್ಚಲಿಗೆ ಹೋದೊಡನೆ ಓಡಿ ಸೆರಗಿನಿಂದ ಒರೆಸಿದೆ. ಕಪ್ಪು ಹೋಯಿತು. ಕಾಡಿಗೆಯ ಹರಳೆಣ್ಣೆ ಮಾತ್ರ ಗಾಜಿಗೆ ಹರಡಿ, ಓರೆಯಾಗಿ ನೋಡಿದರೆ ಮಂಜಿನಂತೆ ಕಂಡಿತು. ಅಷ್ಟರಲ್ಲಿ ಬಚ್ಚಲ ಬಾಗಿಲ ಸದ್ದು ಕೇಳಿ ಒಳಗೆ ಬಂದುಬಿಟ್ಟೆ.

"ಏನೂ ಇಲ್ವಲ್ಲೇ!" ಎಂದ ಅಣ್ಣ.

ಆ ಶನಿವಾರ ನನ್ನನ್ನೂ ಕರೆದುಕೊಂಡು ಹೋದ. ಮರಳುವಾಗ ಸಂಜೆಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು. ಅಣ್ಣ ಕೈಗಳನ್ನು ತೊಡೆಯ ಮೇಲಿಟ್ಟು, "ನೋಡು, ಮಹಾರಾಜರ ಸವಾರಿ," ಎಂದ. ಎಣ್ಣೆಯ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದೆ. ನಗುತ್ತಾನೆಂದು ಮುಚ್ಚಿಕೊಂಡೆ.

ಕಾರು ಸದ್ದಿಲ್ಲದೆ ಎಡಕ್ಕೆ ವಾಲಿತು. ರಸ್ತೆಯಂಚಿನಲ್ಲಿ ಮಟಾಟು ವ್ಯಾನೊಂದು ನಿಂತು ಜನರನ್ನು ಇಳಿಸುತ್ತಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಹೆಂಗಸೊಬ್ಬಳು ನಮ್ಮತ್ತ ತಿರುಗಿದಳು. "ಅಣ್ಣಾ!" ಎಂದು ಕಿರುಚಿದೆ. ಅವನು ಸ್ಟೀರಿಂಗ್ ಎಳೆದ. ಆ ಹೆಂಗಸಿನ ಬಟ್ಟೆಯ ಹೂಗಳು ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋದವು.

ಮುಂದೆ ಹೋಗಿ ಕಾರು ನಿಲ್ಲಿಸಿದ. ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

"ದೀಪ ಇತ್ತು ಕಣೇ, ಆರಿರ್ಲಿಲ್ಲ. ನಂಗೇನಾದ್ರೂ ತೂಕಡಿಕೆ ಬಂದು ಕೈ ತಗುಲಿಸಿದ್ನಾ? ನಿಜ ಹೇಳು."

"ನೀನು ಒಂದು ಗಳಿಗೆ ಕಣ್ಣು ಮುಚ್ಚಿದ್ದೆ ಅಣ್ಣ," ಎಂದೆ. "ಕೈ ತಾಗಿರ್ಬೇಕು."

ಅವನು ಕಣ್ಣು ಮುಚ್ಚಿರಲಿಲ್ಲ. ಬಿಸಿಲಿಗೆ ಎಣ್ಣೆ ಹೊಳೆದು ಕ್ಯಾಮೆರಾಕ್ಕೇ ಗೆರೆ ತಪ್ಪಾಗಿ ಕಂಡಿರಬೇಕು.

ಮನೆಗೆ ಬಂದು ಗಾಜನ್ನು ಸೋಪಿನ ನೀರಿನಲ್ಲಿ ತಿಕ್ಕಿದೆ. ನನಗೆ ಶುಚಿಯಾಗಿ ಕಾಣುತ್ತದೆ. ಆ ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೋ ತಿಳಿಯದು. ಅಣ್ಣನಿಗೆ ಈಗ ತನ್ನ ಮೇಲೆಯೇ ನಂಬಿಕೆ ಇಲ್ಲ. "ವಯಸ್ಸಾಯ್ತು. ನನಗಿಂತ ಕಾರೇ ವಾಸಿ," ಎನ್ನುತ್ತಾನೆ. ಹೆದ್ದಾರಿ ಸಿಕ್ಕೊಡನೆ, ಎಲ್ಲಿ ತಗುಲುತ್ತದೋ ಎಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಾನೆ. ಇನ್ನೊಮ್ಮೆ ಕಾರು ವಾಲಿದರೂ, ಸ್ಟೀರಿಂಗ್ ಹಿಡಿಯುವ ಮೊದಲು ತಾನೇ ತಪ್ಪು ಮಾಡಿದೆನೇ ಎಂದು ಕ್ಷಣಕಾಲ ಅನುಮಾನಿಸುತ್ತಾನೆ. ಆ ಕ್ಷಣವನ್ನು ಅವನಿಗೆ ಕೊಟ್ಟವಳು ನಾನು.

ಇವತ್ತು ಶನಿವಾರ. ಬೆಳಿಗ್ಗೆ ಎಲ್ಲ ಹೇಳಲೆಂದು ಗೇಟಿನವರೆಗೆ ಹೋದೆ, ಹೇಳಲಿಲ್ಲ. ಸಂಜೆಬಿಸಿಲು ಈಗ ಅಡುಗೆಮನೆಯ ಕಿಟಕಿಗೆ ಇಳಿದಿದೆ. ಅಣ್ಣ ಥೀಕಾದಿಂದ ಹೊರಟಿರುತ್ತಾನೆ.