ಭೂತಗನ್ನಡಿಯ ಕಾಣದ ಮುದ್ರೆ

ಪೋಸ್ಟರ್ ವಿನ್ಯಾಸ ಮಾಡುವ ಆ ಮನುಷ್ಯನನ್ನು ಪ್ರೆಸ್ಸಿನವರೆಲ್ಲ ಕರೆಯುತ್ತಿದ್ದದ್ದು ಭೂತಗನ್ನಡಿ ಎಂದೇ. ಕರೆದದ್ದರಲ್ಲಿ ತಪ್ಪೇನಿಲ್ಲ ಬಿಡಿ. ಹೆಂಡತಿ ಕೊಟ್ಟ ನೀರನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವ ಆಸಾಮಿ. ಹಾಕಿದ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡದೆ ಮೆಟ್ಟಿಲು ಇಳಿದವನಲ್ಲ.

ಬಸ್ ನಿಲ್ದಾಣದ ಗೋಡೆಗೆ ಊರಿನ ನಕ್ಷೆ ಮಾಡಿಕೊಡುವ ಕೆಲಸ ಅವನಿಗೆ ಸಿಕ್ಕಿತ್ತು. ಪ್ರತಿ ರಸ್ತೆಯನ್ನೂ ಕಂಪ್ಯೂಟರಿನಲ್ಲಿ ವೆಕ್ಟರ್ ಗೆರೆಯಾಗಿ, ಅಂದರೆ ಚುಕ್ಕೆಗಳಿಲ್ಲದ ಅಖಂಡ ಗೆರೆಯಾಗಿ ಎಳೆದಿದ್ದ. ಗೆರೆ ಗೆರೆಯಾಗಿಯೇ ಉಳಿದರೆ ಗೋಡೆಯಗಲ ಹಿಗ್ಗಿಸಿದರೂ ಚೂಪಾಗಿರುತ್ತದೆ. ಫೋಟೋದಂತೆ ಚುಕ್ಕೆಗಳಾಗಿಬಿಟ್ಟಿತೋ, ಓದುವವನು ತನ್ನ ಕನ್ನಡಕ ಒರೆಸಿಕೊಳ್ಳುತ್ತ ನಿಲ್ಲಬೇಕು. ಅಚ್ಚಾಗಿ ಬಂದ ಮೊದಲ ಹಾಳೆಯ ಗತಿ ಅದೇ ಆಗಿತ್ತು. ಅಕ್ಷರಗಳ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು.

ಅಚ್ಚು ಹಾಕಿದವನು ಹೆಂಡತಿಯ ತಮ್ಮ.

"ಮಷಿನ್ನು ಬೇಗ ಓಡ್ಲಿ ಅಂತ ನನ್ನ ಪಿಡಿಎಫ್‌ನ ಫೋಟೋ ಮಾಡಿ ಹಾಕಿದ್ದೀಯ!" ಎಂದು ಭೂತಗನ್ನಡಿ ಗಿರಾಕಿಗಳ ಎದುರೇ ಅವನ ಮೇಲೆ ಹರಿಹಾಯ್ದ.

"ಇಲ್ಲ ಭಾವ, ಕೊಟ್ಟದ್ದನ್ನ ಕೊಟ್ಟ ಹಾಗೇ ಹಾಕಿದ್ದೀನಿ. ಅಕ್ಕನ ಮೇಲಾಣೆ."

"ಆಣೆಗೆ ಇಳಿದೆ ಅಂದ್ರೆ ಏನೋ ಇದೆ ಅಂತಾನೇ ಅರ್ಥ."

ಭಾವಮೈದ ಮನೆಗೆ ಬರುವುದನ್ನೇ ಬಿಟ್ಟ. "ನಂಗಿರೋನು ಒಬ್ಬನೇ ತಮ್ಮ ಕಣ್ರೀ. ಅವನನ್ನ ಕರ್ಕೊಂಡು ಬನ್ನಿ, ಆಮೇಲೆ ನನ್ನ ಮಾತಾಡ್ಸಿ," ಎಂದು ಹೆಂಡತಿ ಮುಖ ತಿರುಗಿಸಿದಳು.

ಕಳ್ಳನನ್ನು ಸಾಕ್ಷಿ ಸಮೇತ ಹಿಡಿಯುವ ಹಟದಿಂದ ಭೂತಗನ್ನಡಿ ತಾನು ಕಳಿಸಿದ್ದ ಪಿಡಿಎಫ್ ತೆರೆದು ಹಿಗ್ಗಿಸತೊಡಗಿದ. ನಕ್ಷೆ ಬರೆಯುವಾಗ ಇಂಚಿಂಚೂ ನೋಡಿದ್ದ. ಪಿಡಿಎಫ್ ಆದಮೇಲೆ ಮಾತ್ರ ನೋಡಿರಲಿಲ್ಲ. ತನ್ನ ಕೈಯ ಕೆಲಸವಲ್ಲವೇ, ಅನುಮಾನ ಯಾಕೆ?

ಮೆಟ್ಟಿಲುಗಳು ಅಲ್ಲೇ ಇದ್ದವು.

ಯಾರಾದರೂ ನಕ್ಷೆ ಕದ್ದಾರೆಂದು ಕೊನೆಯ ಗಳಿಗೆಯಲ್ಲಿ ಅವನು ಇಡೀ ಹಾಳೆಯ ಮೇಲೆ ತನ್ನ ಗುರುತಿನ ಮುದ್ರೆಯನ್ನು ಕಣ್ಣಿಗೆ ಬೀಳದಷ್ಟು ತೆಳುವಾಗಿ ಹಾಸಿದ್ದ. ಪಿಡಿಎಫ್ ಮಾಡುವಾಗ ಸಾಫ್ಟ್‌ವೇರು ಆ ಪಾರದರ್ಶಕ ಪದರವನ್ನೂ ಅಡಿಯ ಗೆರೆಗಳನ್ನೂ ಒಟ್ಟಿಗೆ ಕಲಸಿ ಚುಕ್ಕೆ ಮಾಡಿಟ್ಟಿತ್ತು. ಮುದ್ರೆ ಕಿತ್ತುಹಾಕಿ ಮತ್ತೆ ಪಿಡಿಎಫ್ ಮಾಡಿದ. ಎಷ್ಟು ಹಿಗ್ಗಿಸಿದರೂ ಗೆರೆ ಗೆರೆಯೇ. ಅವನಿಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಪೆನ್‌ಡ್ರೈವ್ ಹಿಡಿದು ಪ್ರೆಸ್ಸಿಗೆ ಹೋದ. "ತಪ್ಪು ನಂದೇ ಕಣೋ. ಸಿಟ್ಟು ಬಿಡು, ಮನೆಗೆ ಬಾ."

ಭಾವಮೈದ ಫೈಲು ತೆರೆದು ಮೂಲೆ ಮೂಲೆಯನ್ನೂ ಹಿಗ್ಗಿಸಿ ನೋಡಿದ, ಥೇಟು ಭಾವನ ಹಾಗೆಯೇ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದುಕೊಂಡ.

"ಇದೇನೋ?"

"ಸಾಕ್ಷಿಗೆ, ಭಾವ. ನೀವು ಕೊಟ್ಟಾಗ ಹೇಗಿತ್ತು ಅಂತ ನನ್ ಹತ್ರಾನೂ ಇರ್ಲಿ."

ನಕ್ಷೆ ಚೂಪಾಗಿ ಬಂತು. ಮನೆಗೆ ಬರುವ ಮಾತನ್ನು ಮಾತ್ರ ಹುಡುಗ ಎತ್ತಲಿಲ್ಲ. ಸುರುಳಿ ಸುತ್ತಿದ ಪೋಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೊರಟ ಭೂತಗನ್ನಡಿಗೆ, ಹೆಂಡತಿಗೆ ಏನು ಹೇಳುವುದೆಂದು ತೋಚಲಿಲ್ಲ.