ಸಮುದ್ರಕ್ಕಿಂತ ಕೆಳಗಿನ ಎರೆಹೊಲ

೧೯೮೭ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ಇಯತ್ತೆ. ಗಣಿತದ ಮಾಸ್ತರರು ನನ್ನ ಬೆನ್ನ ಮೇಲೆ ಛಡಿ ಮುರಿದರು, ನಾನು ಅವರ ಸೈಕಲ್ಲನ್ನು ಬಾವಿಗೆ ಹಾಕಿದೆ. ಅಪ್ಪ ಇಬ್ಬರ ಸಿಟ್ಟನ್ನೂ ನನ್ನ ಮೈಮೇಲೆ ತೀರಿಸಿ ಹೊಲಕ್ಕೆ ಹಚ್ಚಿದ. ಅದಕ್ಕೆ ನಾನು ಇವತ್ತಿಗೂ ಮರುಗಿಲ್ಲ. ಓದಿದವರು ಓದಲಿ, ನನ್ನ ಕೈ ಎಂದೂ ಸುಮ್ಮನೆ ಕೂತದ್ದಿಲ್ಲ.

ಹೆಂಡತಿ ನರ್ಸ್. ಇಲ್ಲಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಾಗ ಅವಳ ವೀಸಾದ ಬಾಲ ಹಿಡಿದು ನಾನೂ ಬಂದೆ. ನಮ್ಮವರೆಲ್ಲ ಲೆಸ್ಟರ್, ಬರ್ಮಿಂಗ್‌ಹ್ಯಾಮ್ ಸೇರುತ್ತಾರೆ. ನಾವು ಬಂದು ಬಿದ್ದದ್ದು ಲಿಂಕನ್‌ಶೈರ್ ಕೌಂಟಿಯ ದಕ್ಷಿಣದ ಮೂಲೆಗೆ. ನೆಲ ರೊಟ್ಟಿ ಹಂಚಿನಷ್ಟು ಸಪಾಟು, ಬಣ್ಣವೂ ಅದೇ. ಎಷ್ಟೋ ಕಡೆ ಸಮುದ್ರಕ್ಕಿಂತ ಕೆಳಗಿದೆ. ಕಾಲುವೆಗಳು ಹೊಲಕ್ಕಿಂತ ಎತ್ತರದಲ್ಲಿ, ಏರಿಗಳ ನಡುವೆ ಹರಿಯುತ್ತವೆ. ರಸ್ತೆಯೂ ಏರಿಯ ಮೇಲೆಯೇ, ಮಂಜಿನಲ್ಲಿ ಕಾರು ಜಾರಿದರೆ ನೇರ ನೀರಿಗೆ. ಚಳಿಗಾಲದಲ್ಲಿ ಅವು ಮನುಷ್ಯರನ್ನು ನುಂಗುತ್ತವೆ. ವಸಂತದಲ್ಲಿ ಗಾಳಿ ಎದ್ದರೆ ಕರಿಮಣ್ಣು ಹಾರಿ ಕೆನ್ನೆ ಗೀರುತ್ತದೆ, ಬಿತ್ತಿದ ಬೀಜ ಪಕ್ಕದವನ ಹೊಲ ಸೇರುತ್ತದೆ.

ಮೊದಲು ಎಲೆಕೋಸು ಕಡಿಯುವ ಟೋಳಿಯಲ್ಲಿ ಸೇರಿದೆ. ನಾಲ್ಕು ದೇಶದ ಜನ, ಎಲ್ಲರ ಕೈಯಲ್ಲೂ ಚೂರಿ. ಒಮ್ಮೆ ಯಾವುದೋ ಮಾತಿಗೆ ಒಬ್ಬ ಇನ್ನೊಬ್ಬನ ಕಿವಿ ಅರ್ಧ ಹರಿದ. ಯಾರು ಮಾಡಿದ್ದು ಅಂತ ಟೋಳಿ ನಡೆಸುವ ಮುಕಾದಮ ಕೇಳಿದಾಗ ಇಡೀ ಟೋಳಿ ಎಲೆಕೋಸು ನೋಡುತ್ತಿತ್ತು.

ಆಮೇಲೆ ಒಬ್ಬ ಮುದುಕ ರೈತನ ಹತ್ತು ಎಕರೆ ಗೇಣಿಗೆ ಹಿಡಿದು ಕೊತ್ತಂಬರಿ, ಮೆಂತ್ಯ, ಬೆಳ್ಳುಳ್ಳಿ ಹಾಕಿದೆ. ಲೆಸ್ಟರಿನ ಅಂಗಡಿಗಳಿಗೆ ನನ್ನದೇ ವ್ಯಾನಿನಲ್ಲಿ ಮುಟ್ಟಿಸುತ್ತಿದ್ದೆ. ಒಂಬತ್ತು ವರ್ಷ ಆ ಮಣ್ಣಿಗೆ ಗೊಬ್ಬರ ಹೊತ್ತೆ. ಊರಲ್ಲಿ ನನ್ನ ಪಾಲಿಗೆ ಬಂದ ಹೊಲಕ್ಕೂ ಅಷ್ಟು ಹೊತ್ತಿರಲಿಲ್ಲ.

ಮುದುಕನಿಗೆ ಹಳೆಯ ಕಥೆ ಹೇಳುವ ಹುಚ್ಚು. ಇದೆಲ್ಲ ಹಿಂದೆ ಜವುಗು. ಮೀನು, ಬಾತುಕೋಳಿ, ಆಪು ಹುಲ್ಲು ನಂಬಿ ಜನ ಬದುಕಿದ್ದರಂತೆ. ಹೊರಗಿನ ಸಾಹುಕಾರರು ರಾಜನ ಅಪ್ಪಣೆ ತಂದು ನೀರು ಬಸಿಯಲು ಶುರುಮಾಡಿದರು. ಇವನ ಹಿರಿಯರು ಗುದ್ದಲಿ ತಗೊಂಡು ಏರಿ ಒಡೆದರು, ಕೂಲಿಗಳನ್ನು ಹಿಡಿದು ಕೆಸರಿನಲ್ಲಿ ಅದ್ದಿದರು, ಬಿತ್ತಿದ್ದಕ್ಕೆಲ್ಲ ನೀರು ನುಗ್ಗಿಸಿದರು. ಸಿಪಾಯಿಗಳು ಬಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಅದನ್ನು ಹೇಳುವಾಗ ಮುದುಕನ ಎದೆ ಉಬ್ಬುತ್ತಿತ್ತು.

ಈ ಕಡೆ ಸುಗ್ಗಿ ಮುಗಿದ ಮೇಲೆ ಮೊಲದ ಬೇಟೆಗಾರರು ಬರುತ್ತಾರೆ. ದೂರದ ಪಟ್ಟಣಗಳಿಂದ ಜೀಪು, ಉದ್ದ ಕಾಲಿನ ನಾಯಿ. ಮೊಲವನ್ನು ಬಯಲಿಗೆ ಎಬ್ಬಿಸಿ ಎರಡು ನಾಯಿ ಬಿಡುತ್ತಾರೆ, ಯಾವುದು ಮೊದಲು ಹಿಡಿಯುತ್ತದೆ ಅಂತ ಬಾಜಿ. ಕಾನೂನು ಅದನ್ನು ಎಂದೋ ನಿಷೇಧಿಸಿದೆ. ತಡೆದ ರೈತನ ಕಿಟಕಿ ಒಡೆಯುತ್ತದೆ, ಇಲ್ಲ ಹುಲ್ಲಿನ ಬಣವೆಗೆ ಬೆಂಕಿ. ಅದಕ್ಕೇ ಇಲ್ಲಿಯವರು ಹೊಲದ ಬಾಯಿಗೆ ಸಿಮೆಂಟಿನ ದಿಮ್ಮಿ ಇಡುತ್ತಾರೆ, ಇಲ್ಲವೆ ಕಂದಕ ತೋಡುತ್ತಾರೆ. ಮುದುಕನೂ ತೋಡಿದ್ದ. ನನ್ನ ವ್ಯಾನು ಒಳಗೆ ಬರಬೇಕಲ್ಲ, ನಾನದನ್ನು ಮುಚ್ಚಿದೆ. ನಮ್ಮ ಕಡೆ ಎರೆಹೊಲಕ್ಕೆ ಬೇಲಿಯೇ ಇಲ್ಲ, ದಾರಿ ಕಟ್ಟಿದವನನ್ನು ಊರು ಉಗಿಯುತ್ತದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕೊತ್ತಂಬರಿ ಕೊಯ್ಯುತ್ತಿದ್ದೆ. ಪಕ್ಕದ ಕೂಳೆ ಹೊಲದಿಂದ ಮೊಲ ನನ್ನ ಸಾಲಿಗೆ ನುಗ್ಗಿತು, ಹಿಂದೆ ನಾಯಿ, ಅದರ ಹಿಂದೆ ಜೀಪು, ನನ್ನ ಬೆಳೆಯ ಮೇಲೆಯೇ. ಮೊಲ ಸಾಯುವಾಗ ಕೂಸಿನ ಹಾಗೆ ಕಿರುಚುತ್ತದೆ, ಅದನ್ನು ಕೇಳಿದವನಿಗೇ ಗೊತ್ತು. ಅವರು ಒಳಗೆ ಬಂದದ್ದು ನಾನು ಕಂದಕ ಮುಚ್ಚಿದ ಬಾಯಿಂದಲೇ, ಹೊರಗೆ ಹೋಗಲು ಬೇರೆ ದಾರಿಯಿಲ್ಲ. ನಾನು ವ್ಯಾನನ್ನು ಅದಕ್ಕೆ ಅಡ್ಡ ನಿಲ್ಲಿಸಿ ಪೊಲೀಸರಿಗೆ ಫೋನು ಹಚ್ಚಿದೆ.

ಮೂವರು ಇಳಿದರು. ಕೆಂಪು ಗಡ್ಡದವನ ಕೈಯಲ್ಲಿ ಗುದ್ದಲಿಯ ಕಾವು. ವ್ಯಾನು ತೆಗೆ ಅಂದ, ನಾನು ಅಲ್ಲಾಡಲಿಲ್ಲ. ಮೊದಲ ಏಟಿಗೆ ಫೋನು ಹೋಯಿತು, ಜೊತೆಗೆ ಎಡ ಮುಂಗೈ. ಎಲುಬು ಮುರಿದ ಸಪ್ಪಳ ಹಸಿ ಕಬ್ಬು ಮುರಿದಂತಿತ್ತು. ಬಲಗೈಯಿಂದ ಪ್ಲಾಸ್ಟಿಕ್ ಕ್ರೇಟು ಎತ್ತಿ ಅವನ ಮೂಗಿಗೆ ಬೀಸಿದೆ, ರಕ್ತ ಗಡ್ಡದೊಳಗೆ ಇಳಿಯಿತು. ಆಮೇಲೆ ಮೂವರೂ ಸೇರಿ ತುಳಿದರು. ಬೂಟು ಬಾಯಿಗೆ ಬಿತ್ತು. ಗಡ್ಡದವನು ಬಗ್ಗಿ ನನ್ನ ಕೂದಲು ಹಿಡಿದೆತ್ತಿ, "ನಿನ್ನ ಮನೆ ಎಲ್ಲಿ ಅಂತ ಗೊತ್ತು," ಅಂದ. ನಾನು ಅವನ ಮುಖವನ್ನೇ ನೋಡಿದೆ, ಹುಬ್ಬಿನ ಮೇಲಿನ ಹಳೆ ಹೊಲಿಗೆಯ ಗುರುತಿನವರೆಗೆ. ಅವರು ಜೀಪಿನಿಂದ ವ್ಯಾನನ್ನು ಕಾಲುವೆಗೆ ನೂಕಿ ಹೋದರು. ದೂರದಲ್ಲಿ ಏರಿಯ ಮೇಲೆ ಮುದುಕನ ಟ್ರ್ಯಾಕ್ಟರ್ ನಿಂತಿತ್ತು. ಅವರು ಹೋದ ಮೇಲೆ ಅದೂ ತಿರುಗಿ ಹೋಯಿತು.

ಆಸ್ಪತ್ರೆಯಲ್ಲಿ ಹೆಂಡತಿ ಡ್ಯೂಟಿ ಬಟ್ಟೆಯಲ್ಲೇ ಬಂದು ನನ್ನ ಬಾಯಿ ಅಗಲಿಸಿ ನೋಡಿದಳು.

"ಹಲ್ಲೆಲ್ಲಿ ಬಿಟ್ಟು ಬಂದ್ರಿ?"

"ಕೊತ್ತಂಬರಿಯೊಳಗ."

"ಅವನ್ನೂ ಸೂಡು ಕಟ್ಟಿ ಲೆಸ್ಟರಿಗೆ ಕಳಸ್ತಿದ್ರಿ," ಅಂದು ಆಚೆ ತಿರುಗಿ ಕಣ್ಣು ಒರೆಸಿಕೊಂಡಳು.

ಪೊಲೀಸರು ಹೇಳಿಕೆ ತಗೊಳ್ಳಲು ಬರುವ ಮೊದಲೇ ಮುದುಕ ಮನೆಗೆ ಬಂದ. ಕೂರಲಿಲ್ಲ. ಮುಖ ಕಾಣಲಿಲ್ಲ ಅಂತ ಹೇಳಿಬಿಡು, ಎಲ್ಲ ಮೊದಲಿನ ಹಾಗೇ ಇರುತ್ತದೆ ಅಂದ. ಕಂಡಿದ್ದೇನೆ ಅಂದೆ.

"ಹಾಗಾದರೆ ಮಾರ್ಚಿಗೆ ಬೇರೆ ಹೊಲ ನೋಡಿಕೋ. ಬಾಗಿಲು ತೆಗೆದಿಟ್ಟವನು ನೀನು, ಉರಿಯುವುದು ನನ್ನ ಬಣವೆ."

"ನಿಮ್ಮ ಹಿರಿಯರು ತಮ್ಮವರಿಗಾಗಿ ಬಾಯಿ ಮುಚ್ಚಿದರು," ಅಂದೆ. "ನೀವು ಯಾರಿಗಾಗಿ ಮುಚ್ಚುತ್ತೀರಿ?"

ಅವನು ಟೊಪ್ಪಿಗೆ ಹಾಕಿಕೊಂಡು ಹೋದ. ಲೆಸ್ಟರಿನಲ್ಲಿರುವ ನಮ್ಮ ಕಡೆಯ ಒಬ್ಬ ಡಾಕ್ಟರೂ ಫೋನು ಮಾಡಿ, ನಾವು ಹೊರಗಿನವರು, ಇದೆಲ್ಲ ನಮಗ್ಯಾಕೆ ಅಂತ ಬುದ್ಧಿ ಹೇಳಿದರು. ಒಂಬತ್ತು ವರ್ಷದ ಮಣ್ಣು ಒಂದು ಕಡೆ, ಒಂದು ಸುಳ್ಳು ಇನ್ನೊಂದು ಕಡೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹೆಂಡತಿ, "ಹೇಳ್ರಿ. ಹೊಲ ಹೋದ್ರ ಹೋಗ್ಲಿ. ಕಂಡಿಲ್ಲ ಅಂದ್ರ ನೀವು ದಿನಾ ಅದನ್ನ ನನ್ನ ಮುಂದ ಅಗೀತೀರಿ, ನನಗ ಕೇಳೋಕ ಆಗೂದಿಲ್ಲ," ಅಂದಳು.

ಹೇಳಿದೆ. ಗುರುತು ಹಿಡಿದೆ. ತಿಂಗಳೊಳಗೆ ನನ್ನ ಶೆಡ್ಡು ಸುಟ್ಟಿತು, ಬೀಜದ ಚೀಲ, ಪವರ್ ಟಿಲ್ಲರ್ ಸಮೇತ. ಮುದುಕನ ಬಣವೆಯೂ ಹೋಯಿತು. ಏಟು ಬೀಳುವ ಮೊದಲೇ ಊರಿದ್ದ ನನ್ನ ಬೆಳ್ಳುಳ್ಳಿ ಮಾರ್ಚಿನಲ್ಲಿ ಗೇಣುದ್ದ ಬಂದಿತ್ತು. ಮುದುಕ ನೇಗಿಲು ಹಚ್ಚಿ ಅದನ್ನು ನನ್ನ ಕಣ್ಣೆದುರೇ ಮಗುಚಿದ. ಗಾಲಿಗೆ ಸಿಕ್ಕ ಹಸಿ ಬೆಳ್ಳುಳ್ಳಿಯ ವಾಸನೆ ರಸ್ತೆಯವರೆಗೂ ಬಂತು. ಕೊನೆಯ ಸಾಲು ಮುಗಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಬೇಸಿಗೆಯಲ್ಲಿ ಕೋರ್ಟು. ನನ್ನ ಇಂಗ್ಲಿಷು ಮುರುಕು, ಆದರೆ ಕೆಂಪು ಗಡ್ಡದವನ ಕಡೆ ತೋರಿಸಿದ ಬೆರಳು ನೆಟ್ಟಗಿತ್ತು. ಅವನು ಜೈಲಿಗೆ ಹೋದ, ನಾಯಿಗಳನ್ನು ಕಸಿದುಕೊಂಡರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎಂಟು ಮೈಲಿ ಆಚೆ ಗೇಣಿಗೆ ನಾಲ್ಕು ಎಕರೆ ಜೇಡಿಮಣ್ಣು, ಒಂದು ಸೆಕೆಂಡ್‌ಹ್ಯಾಂಡ್ ವ್ಯಾನು, ಲೆಸ್ಟರಿನಲ್ಲಿ ಆರು ಅಂಗಡಿ, ಎಡ ಮುಂಗೈಯಲ್ಲಿ ಒಂದು ಉಕ್ಕಿನ ಪಟ್ಟಿ, ಬಾಯಲ್ಲಿ ಇಪ್ಪತ್ತೇಳು ಹಲ್ಲು, ಒಬ್ಬ ಹೆಂಡತಿ.