ಒದ್ದೆ ಸೊಪ್ಪು

ಇವತ್ತು ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದ ಕೂಡಲೇ ಅಕ್ಕಿಹೆಬ್ಬಾಳಿನ ನಮ್ಮ ರೇಷ್ಮೆಹುಳು ಮನೆ ನೆನಪಾಯಿತು.

ಹಿಪ್ಪುನೇರಳೆ ಸೊಪ್ಪನ್ನು ನೀರಾರಿಸಿಯೇ ಹುಳುಗಳಿಗೆ ಹಾಕಬೇಕಿತ್ತು. ಕುಂಟೆಬಿಲ್ಲೆ ಆಡುವ ಆತುರದಲ್ಲಿ ನಾನು ಒದ್ದೆ ಸೊಪ್ಪನ್ನೇ ಹಾಕುತ್ತಿದ್ದೆ. ವಾರದೊಳಗೆ ಹುಳುಗಳೆಲ್ಲ ಕಪ್ಪಾಗಿ ಸತ್ತವು.

ಅವ್ವ ಬೈಯಲಿಲ್ಲ. ಅವನ್ನು ಗುಂಡಿಯಲ್ಲಿ ಮುಚ್ಚಿ ಬಂದು, ಬ್ಲೀಚಿಂಗ್ ನೀರಿನ ಬಕೆಟ್ಟನ್ನೂ ಹುಳು ಸಾಕುವ ತಟ್ಟೆಗಳನ್ನೂ ನನ್ನ ಮುಂದಿಟ್ಟಳು.

“ಅಳ್ತಾ ಕೂತ್ರೆ ಸತ್ತಿರೋ ಹುಳ ಎದ್ದು ಬತ್ತವಾ? ತಟ್ಟೆ ತೊಳಿ ಮಗ. ಸೋಮ್ವಾರ ಹೊಸ ಮರಿ ಬತ್ತವೆ.”

ಹೋದ ತಿಂಗಳು ಅವ್ವ ತೀರಿಕೊಂಡಳು. ಆವತ್ತು ನಮ್ಮ ಮನೆಯಿಂದಲೇ ಅವಳು ಎರಡು ಸಲ ಫೋನ್ ಮಾಡಿದ್ದಳು; ಆಫೀಸಿನಲ್ಲಿದ್ದ ನಾನು ತೆಗೆಯಲಿಲ್ಲ.

ಇವತ್ತು ಅವಳ ಕೋಣೆ ತೊಳೆದೆ. ಅಳು ಬರಲಿಲ್ಲ. ಸೋಮವಾರದಿಂದ ಅಲ್ಲಿ ನನ್ನ ಮಗಳು ಓದಲು ಕೂರುತ್ತಾಳೆ.